ಎತ್ತಿನ ಕೂಡ ಹೇಳಿ ಕಳಿಸಿದ ಮಾತು

ಇದರಾಗ ಒಂದಕ್ಷರ ಸುಳ್ಳಿದ್ರ, ಈ ಬಾಬಾಸಾಬನ ಅಂಗಡಿ ಚಾ ನನಗ ಜಲ್ಮದಾಗ ಸೇರಬಾರದು. ಬಾಬಾಸಾಬ, ನೀ ನಗಬ್ಯಾಡ. ನಿನ್ನ ಚಾ ಈಗೂ ಸೇರಂಗಿಲ್ಲ, ಅದು ಬ್ಯಾರೆ ಮಾತು. ಆಣಿ ಅಂದ್ರ ಆಣಿ. ಬೇಕಾದ್ರ ಯಮನೂರಿಗೆ ಹೋಗಿ ದರ್ಗಾದ ಹೊಸ್ತಲಾ ಮುಟ್ಟಿ ಹೇಳ್ತೀನಿ, ಹೊಳ್ಳಿ ಬರೂಮುಂದ ಬಸವಣ್ಣನ ಗುಡ್ಯಾಗೂ ಹೇಳಿ ಬರ್ತೀನಿ. ಎರಡೂ ಕಡೆ ನನ್ನ ಮಾತು ನಂಬತಾರ. ನಂಬದಾವ್ರು ಅಂದ್ರ ಈ ಕಟ್ಟಿಮ್ಯಾಲ ಕುಂತಾವ್ರಷ್ಟ.

ಮಡಿವಾಳೆಪ್ಪಾ, ನೀ ಯಾಕೋ ಬಸ್ಸಿನ ದಾರಿ ನೋಡಿದಂಗ ಮಾಡ್ತಿ? ನಿನಗ ಯಾವ ಊರಿಗೂ ಹೋಗೂದಿಲ್ಲ ಅನ್ನೂದು ಎಲ್ಲಾರಿಗೂ ಗೊತ್ತೈತಿ. ಮಳಿ ನಿಂತು, ಬಿಸಲು ಬಿದ್ದು, ಎರಿ ಹೊಲ ಅಗದಿ ಹದಕ್ಕ ಬಂದೈತಿ. ಇವತ್ತು ನಾಳೆ ಬಿತ್ತಿದ್ರ ಜೋಳ. ಆಮ್ಯಾಲ ಬಿತ್ತಿದ್ರ ಬರೇ ಬಿರುಕು. ನಿನ್ನ ಎತ್ತು ನಿನ್ನ ಗ್ವಾದಲ್ಯಾಗ ಮೆಲಕ ಹಾಕ್ಕೋಂತ ನಿಂತೈತಿ, ಅಮೋಘಸಿದ್ದಪ್ಪನ ಎತ್ತು ಅವನ ಗ್ವಾದಲ್ಯಾಗ ನಿಂತೈತಿ. ಎರಡೂ ಕೂಡಿದ್ರ ಒಂದು ಜೋಡಿ, ಬಿತ್ತೂ ಕೂರಗಿ ಎಳೀತಾವು. ಕೂಡಂಗಿಲ್ಲ, ಯಾಕಂದ್ರ ಧಣ್ಯಾರು ಮಾತು ಬಿಟ್ಟಾರ. ಅಮೋಘಸಿದ್ದಪ್ಪ ಮೊಮ್ಮಗನ್ನ ತೊಟ್ಟಿಲದಾಗ ಹಾಕೂ ದಿನ ನಿನ್ನ ಕರ್ಯಾಕ ಸ್ವತಃ ಬರಲಿಲ್ಲ, ಬ್ಯಾರೇದವರ ಕೈಲೆ ಹೇಳಿ ಕಳಿಸಿದ. ಕಲಘಟಗಿಯಿಂದ ಬಣ್ಣದ ತೊಟ್ಟಿಲಾ ತಂದು ಊರಿಗೆಲ್ಲಾ ಹೋಳಿಗಿ ನೀಡಿದ. ನೀ ಮನ್ಯಾಗ ಕುಂತು ಒಣಾ ರೊಟ್ಟಿ ತಿಂದು ಮರ್ಯಾದಿ ಉಳಿಸ್ಕೊಂಡಿ. ನಾ ಆ ಮಾತು ತಗ್ಯಾಂಗಿಲ್ಲ. ನನಗ್ಯಾಕ ಬೇಕು ಅದರ ಉಸಾಬರಿ? ನಾ ಹೇಳೂದು ಬ್ಯಾರೆ ಊರಿನ ಬ್ಯಾರೆ ಮಂದಿದು.

ಊರು ತಿರ್ಲಾಪುರದ ಆಚೆ. ಹೆಸರು ಹೇಳಂಗಿಲ್ಲ. ಹೇಳಿದ್ರ ಊರವ್ರು ಬಂದು ನನ್ನ ಬಡೀತಾರ. ಬಡ್ಯಾಕ ಅವರೆಲ್ಲಾ ಕೂಡಿ ಬರಬೇಕು, ಅಷ್ಟು ಅವರ ಕೈಲೆ ನೀಗೂದು ಸಂಶೆ. ಆದ್ರೂ ಬ್ಯಾಡ.

ಅಲ್ಲಿ ಕುಬೇರಪ್ಪ, ಹೊಳೆಪ್ಪ ಅಂತ ಇಬ್ಬರು. ಕುಬೇರಪ್ಪ ಅಂದ್ರ ಮೂರೂ ಹೊತ್ತು ಮೀಸಿ ತಿರುವಾಂವ, ಮೀಸಿ ಮೂಡೂಕಿಂತ ಮೊದಲಿಂದೂ ತಿರುವಾಂವ. ಹೊಳೆಪ್ಪ ಅಂದ್ರ, ಊರಿಗೆ ಬೆಂಕಿ ಬಿದ್ರೂ ಯಾರರ ಮನಿತನಕ ಬಂದು ಹೊಳೆಪ್ಪಾ ಬರ್ರಿ ಅಂತ ಕರದ್ರಷ್ಟ ಕೊಡಾ ಎತ್ತಾಂವ. ಇಬ್ಬರ ಹಂತೇಕೂ ಒಂದೊಂದ ಎತ್ತು. ಒಂದ ಎತ್ತು ಇದ್ದಾಂವ ಏನು ಮಾಡತಾನ? ತನ್ನಂಗ ಒಂದೆತ್ತು ಇದ್ದಾವನ್ನ ಹುಡಿಕಿ ಜೋಡಿ ಮಾಡ್ಕೋತಾನ. ಒಂದಿನ ಅವನ ಹೊಲ, ಒಂದಿನ ಇವನ ಹೊಲ. ಇದು ಸರಕಾರ ಹುಟ್ಟೂಕಿಂತ ಮೊದಲಿಂದ ನಡದ ಬಂದದ್ದು, ನಿಮಗೂ ಗೊತ್ತೈತಿ. ಕುಬೇರಪ್ಪನ ಎತ್ತಿನ ಹೆಸರು ಕೆಂದ. ಹೊಳೆಪ್ಪನ ಎತ್ತಿನ ಹೆಸರು ಕೌಲ. ಎರಡೂ ಭಾಳ ಶಾಣ್ಯಾ. ಆ ಇಬ್ಬರ ಕೈಯಾಗ ಸಿಕ್ಕ ಮ್ಯಾಲೂ ಶಾಣ್ಯಾತನ ಉಳಿಸ್ಕೊಂಡಿದ್ವು ಅಂದ್ರ ನೀವ ತಿಳಕೊಳ್ರಿ.

ಆ ವರ್ಷ ಕಾರಹುಣ್ಣಿವಿ ಬಂತು. ಎತ್ತಿನ ಮೈ ತೊಳದು, ಕೋಡಿಗೆ ಬಣ್ಣ ಹಚ್ಚಬೇಕು. ಕುಬೇರಪ್ಪ ತನ್ನ ಹಿತ್ತಲದಾಗ ಕೆಂದನ ಕೋಡಿಗೆ ಕೆಂಪ ಬಣ್ಣ ಹಚ್ಚಿದ. ಹೊಳೆಪ್ಪ ತನ್ನ ಹಿತ್ತಲದಾಗ ಕೌಲನ ಕೋಡಿಗೆ ಹಸಿರ ಬಣ್ಣ ಹಚ್ಚಿದ. ಯಾವ ಬಣ್ಣಪಾ ಅಂತ ಇವನೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ನಡುವ ಇದ್ದದ್ದು ಒಂದ ಗ್ವಾಡಿ. ಕೆಮ್ಮಿದ್ರ ಕೇಳ್ತೈತಿ. ಸಂಜಿಮುಂದ ಜೋಡಿ ಹೊಡಕೊಂಡು ಅಗಸಿಗೆ ಬಂದ್ರ, ಮಂದಿ ನಗಾಕ ಹತ್ತಿದ್ರು. ಒಂದು ಜೋಡಿ, ಎರಡು ಬಣ್ಣ. ಯಾವನೋ ಒಬ್ಬಾಂವ, ಕುಬೇರಪ್ಪನ ಎತ್ತು ಲಗ್ನಕ್ಕ ಹೊಂಟೈತಿ, ಹೊಳೆಪ್ಪನ ಎತ್ತು ಉರುಸಿಗೆ ಹೊಂಟೈತಿ ಅಂದ. ಅಂದಾಂವ ನಾನಲ್ಲ.

ಕುಬೇರಪ್ಪ, ಅಂವ ಬಂದು ಕೇಳಬೇಕಿತ್ತು ಅಂದ. ಹೊಳೆಪ್ಪ, ಅಂವ ಬಂದು ಹೇಳಬೇಕಿತ್ತು ಅಂದ. ಅಷ್ಟ. ಅವತ್ತಿಗೆ ಮಾತು ಬಿಟ್ರು. ಅದು ಎಮರ್ಜೆನ್ಸಿ ವರ್ಷ, ಮಂದಿ ಬಾಯಿ ಮುಚ್ಚಿಸಾಕ ಸರಕಾರಕ್ಕ ಪೊಲೀಸ್ರು ಬೇಕಾಗಿದ್ರು. ಇವರಿಬ್ಬರಿಗೆ ಒಬ್ಬ ಪೊಲೀಸನೂ ಬೇಕಾಗಲಿಲ್ಲ. ಬಣ್ಣದ ಡಬ್ಬಿ ಸಾಕಾತು.

ಮಾತು ಬಿಟ್ರೂ ಎತ್ತು ಬಿಡಾಕ ಬರಂಗಿಲ್ಲಲಾ. ರಂಟಿ ಹೊಡೀಬೇಕು, ಕುಂಟಿ ಹೊಡೀಬೇಕು. ಮಾತು ಬ್ಯಾಡ, ಕೆಲಸ ಆಗಬೇಕು. ಅದಕ್ಕ ಆ ಇಬ್ಬರು ಬುದ್ಧಿವಂತರು ಒಂದು ಹಾದಿ ಹುಡಿಕಿದ್ರು. ಎತ್ತಿನ ಕೂಡ ಹೇಳಿ ಕಳಿಸೂದು.

ನೊಗದ ಆ ಬಾಜೂ ಕುಬೇರಪ್ಪ, ಈ ಬಾಜೂ ಹೊಳೆಪ್ಪ. ನಡುವ ಎರಡು ಎತ್ತು. ಕುಬೇರಪ್ಪ ಮೀಸಿ ತಿರುವಿ, "ಕೆಂದಾ, ನಿನ್ನ ಬಾಜೂಕಿನಾವನ ಧಣಿಗೆ ಹೇಳು. ನಾಳೆ ಹೊತ್ತ ಹೊಂಡೂದ್ರಾಗ ಬರಬೇಕಂತ."

ಹೊಳೆಪ್ಪ ಕೈ ಚಾಚಿದ್ರ ಅವನ ಮೀಸಿ ಸಿಗತಿತ್ತು, ಅಷ್ಟ ಹಂತೇಕ ನಿಂತಾಂವ, "ಕೌಲಾ, ಅವರಿಗೆ ಹೇಳು. ಹೊತ್ತಿನ ಮಾತು ಹೊತ್ತಿಗೆ ಸರಿಯಾಗಿ ಏಳಾವ್ರು ಹೇಳಬೇಕಂತ."

ಮೊದಮೊದಲ ಎತ್ತಿಗೆ ಇದು ತಿಳೀಲಿಲ್ಲ. ಇವ್ರು ಏನೋ ಮೇವಿನ ಮಾತು ಆಡಾಕ ಹತ್ಯಾರ ಅಂತ ತಿಳಕೊಂಡು ಬಾಯಿ ಚಪ್ಪರಸ್ತಿದ್ವು. ಬರಬರತ ರೂಢಿ ಆತು. ಶ್ರಾವಣದ ಹೊತ್ತಿಗೆ ಕೆಂದ ಧಣಿ ಮಾತು ಪೂರಾ ಕೇಳಿ, ಕುತಿಗಿ ಹೊಳ್ಳಿಸಿ ಕೌಲನ ಕಿವ್ಯಾಗ ಬುಸ್ ಅಂತಿತ್ತು. ಕೌಲ ತನ್ನ ಧಣಿ ಕಡೆ ಹೊಳ್ಳಿ ತಲಿ ಹಾಕತಿತ್ತು. ಬೈಗುಳ ಇದ್ರ ಬಾಲ ಬೀಸತಿತ್ತು. ಒಮ್ಮೆ ಕುಬೇರಪ್ಪ ಭಾಳ ಹೊಲಸ ಮಾತು ಅಂದ. ಕೆಂದ ಅದನ್ನ ದಾಟಿಸಲಿಲ್ಲ, ನುಂಗಿಬಿಟ್ಟಿತು. ಮಧ್ಯಾನ ಹೊರಗ ತಗದು ಮೆಲಕ ಹಾಕಿ, ಮತ್ತ ನುಂಗಿತು. ಮಾನದ ಎತ್ತು. ನಾ ಕಣ್ಣಾರೆ ನೋಡೇನಿ.

ಆದ್ರ ಎಷ್ಟಂತ ಹೊರತಾವು? ಗಣೇಶ ಚೌತಿ ದಾಟೂದ್ರಾಗ ಎತ್ತಿಗೂ ಬ್ಯಾಸರಾತು. ಬೈಗುಳ ಹೊತ್ತು ಹೊತ್ತು ಎತ್ತು ಎತ್ತಿನ ನಡುವನ ಮನಸು ಮುರೀತು. ನೊಗ ಹೂಡಿದ್ರ ಕೆಂದ ಮೂಡಲಕ್ಕ ಮಾರಿ, ಕೌಲ ಪಡವಲಕ್ಕ ಮಾರಿ. ನೀರಿಗೆ ಬಿಟ್ರ ಒಂದು ಕುಡದು ಹೋದಮ್ಯಾಲ ಇನ್ನೊಂದು. ಆ ರೋಗ ಊರಿಗೂ ಹಬ್ಬಿತು. ಬಾಷಾಬಿ ಅಂತ ಒಬ್ಬಾಕಿ ಎರಡು ಹುಂಜ ಸಾಕಿದ್ಲು. ಅದು ಕೂಗಲಿ ಅಂತ ಇದು, ಇದು ಕೂಗಲಿ ಅಂತ ಅದು. ಆ ಊರಾಗ ಬೆಳಕ ಹರಿಯೂದು ತಡಾ ಆಗಾಕ ಹತ್ತಿತು. ನವಲಗುಂದದಾಗ ಮಂದಿ ನಾಷ್ಟಾ ಮುಗಿಸಿ ಕೈ ತೊಳಕೊಂಡಿರ್ತಿದ್ರು, ಇಲ್ಲಿ ಇನ್ನೂ ಆಕಾಶದಾಗ ಚಿಕ್ಕಿ ಕಾಣ್ತಿದ್ವು.

ಬಾಬಾಸಾಬ, ಮಡಿವಾಳೆಪ್ಪಗ ಇನ್ನೊಂದು ಅರ್ಧಾ ಕಪ್ ಹಾಕು. ಅಂವ ಹೊಲಕ್ಕ ಹೋಗಾಂವ ಅಲ್ಲ, ಆರಾಮ ಕುಡೀತಾನ.

ಆಗ ತಾಲೂಕಿನಿಂದ ಒಬ್ಬ ಸಾಹೇಬ ಬಂದ. ಸಹಕಾರದ ಮಹತ್ವ ಅಂತ ಭಾಷಣ ಮಾಡಾಕ. ಗುಡಿ ಮುಂದ ಜಮಖಾನಿ ಹಾಸಿದ್ರು. ಸಾಹೇಬನ ಕೈಯಾಗ ದೊಡ್ಡ ಹಾರ್ನು ಇತ್ತು, ಬ್ಯಾಟರಿ ಇದ್ದಿಲ್ಲ. ಬ್ಯಾಟರಿ ಇನ್ನೊಬ್ಬ ಸಾಹೇಬನ ತಾಬಾದಾಗ. ಅವರಿಬ್ಬರಿಗೆ ಆಫೀಸಿನಾಗ ಕಿಡಕಿ ಬಾಜೂಕಿನ ಕುರ್ಚಿ ಸಲುವಾಗಿ ಮಾತು ಮುರದಿತ್ತು. ಬ್ಯಾಟರಿ ಸಾಹೇಬ ಅವತ್ತ ಅಣ್ಣಿಗೇರಿ ಕಡೆ ಒಂದು ಹಳ್ಳಿಗೆ ಹೋಗಿ, ಬ್ಯಾಟರಿ ಮುಂದ ಇಟಗೊಂಡು, ಹಾರ್ನು ಇಲ್ಲದ ಇದ ಭಾಷಣ ಮಾಡಿದನಂತ. ನಮ್ಮ ಸಾಹೇಬ ಬರೇ ಹಾರ್ನಿನ್ಯಾಗ ಬಾಯಿ ಇಟ್ಟು ಒದರಿದ. ಕೂಡಿ ದುಡೀರಿ, ಒಬ್ಬರಿಗೊಬ್ಬರು ಮಾತಾಡ್ರಿ, ವಿಚಾರ ವಿನಿಮಯ ಮಾಡ್ರಿ ಅಂದ. ಮುಂದಿನ ಸಾಲಿನಾವರಿಗೆ ಉಗುಳು ತಲಪಿತು, ಹಿಂದಿನಾವರಿಗೆ ಏನೂ ತಲಪಲಿಲ್ಲ. ಕಡೀಕೆ ಎಲ್ಲಾರೂ ಚಪ್ಪಾಳಿ ಬಡದ್ರು. ಕುಬೇರಪ್ಪ ಬಡದು ನಿಲ್ಲಿಸಿದಮ್ಯಾಲ ಹೊಳೆಪ್ಪ ಶುರು ಮಾಡಿದ. ಅವನ ಕೂಡ ಕೂಡಿ ಬಡದ್ರ ಸೋತಂಗಲ್ಲೇನು.

ಆಮ್ಯಾಲ ಉತ್ತರಿ ಮಳಿ ಆತು. ಚೊಲೋ ಮಳಿ. ಎರಿ ಹೊಲ ಕುಡದು ಕುಡದು ಸಾಕು ಅಂತು. ಬಿಸಲು ಬಿದ್ದು, ಹೊಲದಾಗ ಕಾಲಿಟ್ರ ಹೆಜ್ಜಿ ಮೂಡಬೇಕು, ಕಾಲಿಗೆ ಮಣ್ಣು ಹತ್ತಬಾರದು, ಅಂಥಾ ಹದ. ಈ ಹೊತ್ತು ಆ ಕಡೆ ಹೊಲ ಹೆಂಗೈತಿ ನೋಡ್ರಿ, ಹಂಗ. ಮಡಿವಾಳೆಪ್ಪಾ, ನೀ ನೋಡಬ್ಯಾಡ, ಬಿಸಲು ಕಣ್ಣಿಗೆ ಬಡೀತೈತಿ.

ಏನಂದಿ? ಅವರು ಬಿತ್ತಿದ್ರೋ ಇಲ್ಲೋ? ಹೇಳ್ತೀನಿ ತಡಿ. ನಿನಗ್ಯಾಕ ಅವಸರ?

ಕುಬೇರಪ್ಪನ ಹೊಲ ನವಲಗುಂದದ ರಸ್ತೆ ಕಡೆ. ಹೊಳೆಪ್ಪನ ಹೊಲ ಹಳ್ಳದ ಕಡೆ. ನಡುವ ಊರು. ಕೇಳೂ ಮಾತು ಒಂದ. ಮೊದಲ ಯಾರ ಹೊಲ? ಅದನ್ನ ಕೇಳಬೇಕಂದ್ರ ಬಾಯಿ ಬಿಡಬೇಕು. ಕುಬೇರಪ್ಪ ಕೆಂದನ್ನ ಹೊಡಕೊಂಡು ತನ್ನ ಹೊಲಕ್ಕ ಹೋಗಿ ನಿಂತ. ಹೊಳೆಪ್ಪ ಕೌಲನ್ನ ಹೊಡಕೊಂಡು ತನ್ನ ಹೊಲಕ್ಕ ಹೋಗಿ ನಿಂತ. ಅರ್ಧಾ ನೊಗ ಎತ್ತಿನ ಮ್ಯಾಲ, ಅರ್ಧಾ ನೊಗ ಗಾಳ್ಯಾಗ. ಅಂವ ಬರಲಿ ಅಂತ ಇಂವ, ಇಂವ ಬರಲಿ ಅಂತ ಅಂವ.

ಕುಬೇರಪ್ಪನ ಹೆಂಡ್ತಿ ರೇವವ್ವ ಉಡ್ಯಾಗ ಬೀಜದ ಜೋಳ ಕಟಗೊಂಡು ಬದುವಿನ ಮ್ಯಾಲ ಕುಂತು ಕುಂತು ಸಾಕಾಗಿ, "ಹೋಗಿ ಒಂದು ಮಾತು ಕೇಳಿ ಬರ್ರಿ" ಅಂದ್ಲು.

"ಎತ್ತಿನ ಕೂಡ ಹೇಳಿ ಕಳಿಸೇನಿ" ಅಂದ ಕುಬೇರಪ್ಪ.

"ಎತ್ತು ಇಲ್ಲೇ ಐತೆಲ್ರಿ. ಯಾವಾಗ ಹೋಗಿ ಹೇಳ್ತು?"

ಕುಬೇರಪ್ಪಗ ಮೀಸಿ ಇತ್ತು, ತಿರುವಿದ. ಹಂಗಾರ ನಾನರ ಹೋಗಿ ಹೊಳೆಪ್ಪನ ಹೆಂಡ್ತಿ ಅನ್ನವ್ವನ್ನ ಕೇಳಿ ಬರ್ಲ್ಯಾ ಅಂದ್ಲು ಆಕಿ. ಹೆಂಗಸ್ರ ಕೈಲೆ ಮಾತು ಕಳಿಸಿ ಹಗರ ಆಗಲೇನು ಅಂತ ಅಂವ ಕಣ್ಣು ಬಿಟ್ಟ. ನೋಡ್ರಿ ಹೆಂಗೈತಿ. ಎತ್ತಿನ ಕೂಡ ಕಳಿಸಿದ್ರ ಮಾನ ಹೋಗಂಗಿಲ್ಲ, ಹೆಂಡ್ತಿ ಕೂಡ ಕಳಿಸಿದ್ರ ಹೋಗತೈತಿ. ಹಳ್ಳದ ಕಡೆ ಅನ್ನವ್ವಗೂ ಹೊಳೆಪ್ಪನಿಂದ ಇಂಥಾದ್ದ ಮಂಗಳಾರತಿ ಆಗಿತ್ತು. ಹೊತ್ತು ಮುಣಗಿತು. ಇಬ್ಬರೂ ಒಂದು ಕಾಳು ಬಿತ್ತದ ಮನಿಗೆ ಬಂದ್ರು.

ರಾತ್ರಿ ಉಣಾಕ ಕುಂತಾಗ ಇಬ್ಬರಿಗೂ ಒಂದ ವಿಚಾರ ಬಂತು. ದೇವರು ಇಬ್ಬರಿಗೂ ಕೂಡಿ ಒಂದ ಬುದ್ಧಿ ಕೊಟ್ಟಿದ್ದ, ಪಾಳಿ ಮ್ಯಾಲ ಉಪಯೋಗ ಮಾಡ್ರಿ ಅಂತ. ಅವತ್ತ ಮಾತ್ರ ಇಬ್ಬರಿಗೂ ಒಮ್ಮೆಲೆ ಬಂತು. ಹೋಗಲಿ, ಮೊದಲ ಅವನ ಹೊಲಾನ ಬಿತ್ತೂಣು ಅಂತ ಅಂದ್ಕೊಂಡ್ರು. ಆದ್ರ ಬಾಯಿ ಬಿಟ್ಟು ಹೇಳೂದು ಬ್ಯಾಡ, ಸುಮ್ಮನ ಹೋಗಿ ನಿಂತ್ರ ಅಂವನ ತಿಳಕೋತಾನ.

ಮರುದಿನ ಮುಂಜಾನೆ ಕುಬೇರಪ್ಪ ಮ್ಯಾಲಿನ ಓಣಿ ಹಿಡದು ಹಳ್ಳದ ಕಡೆ ಹೋಗಿ ಹೊಳೆಪ್ಪನ ಹೊಲದಾಗ ನಿಂತ. ಹೊಳೆಪ್ಪ ಕೆಳಗಿನ ಓಣಿ ಹಿಡದು ರಸ್ತೆ ಕಡೆ ಹೋಗಿ ಕುಬೇರಪ್ಪನ ಹೊಲದಾಗ ನಿಂತ. ಇವನ ಎತ್ತು ಅವನ ಹೊಲದಾಗ, ಅವನ ಎತ್ತು ಇವನ ಹೊಲದಾಗ. ಯಾರೂ ಬರಲಿಲ್ಲ. ಹೆಂಗ ಬರ್ತಾರ? ಇಬ್ಬರೂ ಬಂದುಬಿಟ್ಟಿದ್ರಲಾ, ಬ್ಯಾರೆ ಕಡೆ.

ನಾ ಇಂಥಾ ಹಲ್ಕಟ್ ಕೆಲಸ ಈ ಭಾಗದಾಗ ಮತ್ತೊಂದು ನೋಡಿಲ್ಲ. ಇಬ್ಬರೂ ಒಳ್ಳೆಯವರಾದ್ರು, ಆದ್ರ ಹೇಳದನ ಒಳ್ಳೆಯವರಾದ್ರು. ಕೆಟ್ಟವರಾಗಿ ಉಳದಿದ್ರ ಮನ್ಯಾಗರ ಕುಂತಿರ್ತಿದ್ರು, ಎತ್ತಿಗೆ ದಣಿವು ತಪ್ಪತಿತ್ತು. ಮಧ್ಯಾನ ಆತು. ನಾನ ಸೋತು ಅವನ ಹೊಲಕ್ಕ ಬಂದ್ರ, ಈ ಮಗಾ ತನ್ನ ಹೊಲಕ್ಕೂ ಬಂದಿಲ್ಲಲಾ, ಎಷ್ಟ ಸೊಕ್ಕು ಅಂತ ಕುಬೇರಪ್ಪಗ ಸಿಟ್ಟು. ಅದ ಹೊತ್ತಿಗೆ, ಅದ ಶಬ್ದದಾಗ, ಹೊಳೆಪ್ಪಗೂ ಸಿಟ್ಟು. ಹೊತ್ತು ಮುಣಗಿದಮ್ಯಾಲ ಇಬ್ಬರೂ ಮೊದಲಿನಕಿಂತ ಹೆಚ್ಚಿನ ವೈರಿ ಆಗಿ ಮನಿಗೆ ಬಂದ್ರು. ಹೊಲ ಮ್ಯಾಲ ಮ್ಯಾಲ ಆರಾಕ ಹತ್ತಿತ್ತು. ಇನ್ನೊಂದಿನ ಹೋದ್ರ ಜೋಳದ ಮಾತು ಮರತಬಿಡಬೇಕು, ವರ್ಷಪೂರ್ತಿ ಸಂತ್ಯಾಗ ಕೊಂಡ ತಿನ್ನಬೇಕು.

ಇದೆಲ್ಲಾ ನನಗ ಹೆಂಗ ಗೊತ್ತಂತ ಕೇಳ್ತಿ, ಬಾಬಾಸಾಬ. ನಾ ಊರ ನಡುವ ಹುಣಚಿ ಮರದ ಮ್ಯಾಲ ಇದ್ದೆ. ಎರಡೂ ಹೊಲ ಕಾಣ್ತಿದ್ವು. ಮರದ ಮ್ಯಾಲ ಯಾಕ ಇದ್ದೆ ಅನ್ನೂದು ಈ ಕತಿಗೆ ಸಂಬಂಧ ಇಲ್ಲ. ಇಳದು ಹೋಗಿ ಯಾಕ ಹೇಳಲಿಲ್ಲ ಅಂತೀಯೇನು? ನನ್ನ ಯಾರು ಕರದು ಕೇಳಿದ್ರು?

ಇನ್ನ ಮುಂದಿಂದು ಕೇಳ್ರಿ. ಮರುದಿನ ಮುಂಜಾನೆ ಬಾಷಾಬಿ ಹುಂಜ ಕೂಗೂದ್ರಾಗ, ಅಂದ್ರ ಸಾಕಷ್ಟು ಹೊತ್ತು ಏರಿದಮ್ಯಾಲ, ಎರಡೂ ಮನಿ ಗ್ವಾದಲಿ ಖಾಲಿ. ಹಗ್ಗ ಹರದು ಬಿದ್ದಾವು. ಕೆಂದ ಹೋಗೈತಿ, ಕೌಲ ಹೋಗೈತಿ. ಇಬ್ಬರೂ ಹರದ ಹಗ್ಗ ಕೈಯಾಗ ಹಿಡಕೊಂಡು, ಒಬ್ಬಾಂವ ಮ್ಯಾಲಿನ ಓಣಿಲೆ, ಒಬ್ಬಾಂವ ಕೆಳಗಿನ ಓಣಿಲೆ ಹುಡುಕ್ಕೋಂತ ಹೊಂಟ್ರು. ಎರಡೂ ಓಣಿ ಬಸವಣ್ಣನ ಗುಡಿ ಮುಂದ ಕೂಡತಾವು. ಅಲ್ಲಿ ನೋಡ್ತಾರ, ಎತ್ತು ಎರಡೂ ಹೆಗಲಿಗೆ ಹೆಗಲು ಹಚ್ಚಿ, ಕುತಿಗಿ ಬಗ್ಗಿಸಿ, ನೊಗ ಹೂಡ್ರಿ ಅನ್ನೂಹಂಗ ನಿಂತಾವು. ಕೆಂಪು ಬಣ್ಣ, ಹಸಿರು ಬಣ್ಣ ಎರಡೂ ಮಳ್ಯಾಗ ತೊಳದು ಹೋಗಿ ನಾಲ್ಕೂ ಕೋಡು ಒಂದ ನಮೂನಿ ಕಾಣ್ತಿದ್ವು. ಮಂದಿ ಸುತ್ತ ಕೂಡ್ಯಾರ. ಯಾರೂ ನಗವಲ್ರು. ಎತ್ತು ನೋಡಿ ಮನಿಷ್ಯಾಗ ನಾಚಿಕಿ ಆಗೂದು ದಿನಾ ನೋಡಾಕ ಸಿಗಂಗಿಲ್ಲ.

ಇಬ್ಬರೂ ಎದರಾ ಬದರಾ ನಿಂತ್ರು. ಈಗರ ಮಾತಾಡ್ತಾರ ಅಂತ ಮಂದಿ ಉಸಿರು ಹಿಡದ್ರು.

ಕುಬೇರಪ್ಪ ಗಂಟಲಾ ಸರಿ ಮಾಡ್ಕೊಂಡು, "ಕೆಂದಾ, ಅವರನ್ನ ಕೇಳು. ನಿನ್ನೆ ಎಲ್ಲಿ ಸತ್ತಿದ್ರಂತ."

ಹೊಳೆಪ್ಪ ಹರದ ಹಗ್ಗ ಕೈಗೆ ಸುತ್ಕೋಂತ, "ಕೌಲಾ, ಅವರಿಗೆ ಹೇಳು. ಅವರ ಹೊಲದಾಗ ನಿಂತಿದ್ದೆ ಅಂತ. ಹೊತ್ತು ಮುಣಗೂತನಕ."

ಕುಬೇರಪ್ಪನ ಕೈ ಮೀಸಿತನಕ ಹೋದದ್ದು ಅಲ್ಲೇ ನಿಂತುಬಿಡ್ತು. ಜಲ್ಮದಾಗ ಮೊದಲನೇ ಸಲ. ಆಮ್ಯಾಲ ಸಣ್ಣ ದನಿಲೆ, "ಕೆಂದಾ, ಹೇಳು. ನಾನೂ ಅವರ ಹೊಲದಾಗ ನಿಂತಿದ್ದೆ ಅಂತ."

ಆತಲಾ. ತಿಳೀತಲಾ ಇಬ್ಬರಿಗೂ. ಇನ್ನ ಒಂದ ಮಾತು ಉಳದಿತ್ತು. ನಡಿ, ಹೋಗೂಣು. ಇಷ್ಟ. ಅದನ್ನ ಯಾರು ಮೊದಲ ಅನ್ನಬೇಕು? ಕುಬೇರಪ್ಪ ಎತ್ತಿನ ಮಾರಿ ನೋಡ್ದ. ಹೊಳೆಪ್ಪ ಎತ್ತಿನ ಮಾರಿ ನೋಡ್ದ. ಹೊತ್ತು ಏರಾಕ ಹತ್ತೈತಿ. ರೇವವ್ವ, ಅನ್ನವ್ವ ಇಬ್ಬರೂ ಬೀಜದ ಗಂಟು ಬಗಲಾಗ ಇಟಗೊಂಡು ಒಂದ ಕಡೆ ನಿಂತು, ಇಂಥಾವ್ರನ್ನ ಎಲ್ಲಿಂದ ಹುಡಿಕಿ ಕಟ್ಟಿದ್ರವಾ ನಮಗ ಅಂತ ಮಾತಾಡಾಕ ಹತ್ಯಾರ. ಅತ್ಲಾಗ ಹೊಲ ಇರೂ ಹಸಿ ಕಳಕೊಳ್ಳಾಕ ಹತ್ತೈತಿ. ಒಂದ ಮಾತಿನ ಸಲುವಾಗಿ ಎರಡು ಮನಿ ವರ್ಷದ ರೊಟ್ಟಿ ಅಲ್ಲಿ ನಿಂತು ಒಣಗಾಕ ಹತ್ತೈತಿ, ಮಡಿವಾಳೆಪ್ಪಾ. ಗಂಡಸರು ಎತ್ತಿನ ಮಾರಿ ನೋಡಾಕ ಹತ್ಯಾರ.

ಆಗ ಎತ್ತು ಮಾತಾಡಿತು.

ನಗಬ್ಯಾಡ್ರಿ. ಮೊದಲ ಆಣಿ ಮಾಡೇನಿ. ಕೆಂದ ಕೌಲನ ಕಡೆ ನೋಡ್ತು, ಕೌಲ ಹೇಳು ಅನ್ನೂಹಂಗ ಕಿವಿ ಅಲಗಾಡಿಸ್ತು. ಕೆಂದ ಕೊಳ್ಳಗಂಟಿ ಒಮ್ಮೆ ಝಾಡಿಸಿ, ಬಾಯಿ ತಗದು, ಅಗದಿ ಸ್ವಚ್ಛ ಕನ್ನಡದಾಗ ಅಂತು, ಧಣ್ಯಾರಾ, ನೊಗ ಎಷ್ಟ ವಜ್ಜಾ ಇದ್ರೂ ಹೊತ್ತೇವಿ, ನಿಮ್ಮ ಮಾತು ಹೊತ್ತು ಹೊತ್ತು ಹೆಗಲು ಬಾತೈತಿ, ಇನ್ನ ನಮ್ಮ ಕೈಲೆ ಆಗಂಗಿಲ್ಲ, ಇವತ್ತಿನಿಂದ ನಿಮ್ಮ ಬಾಯಿ ನೀವ...

ಏ ಮಡಿವಾಳೆಪ್ಪಾ, ಯಾಕ ಎದ್ದಿ? ಚಾ ಬಶ್ಯಾಗ ಹಂಗ ಐತಿ. ಎತ್ತು ಇನ್ನೂ ಮಾತು ಮುಗಿಸಿಲ್ಲೋ. ಆ ಕಡೆ ಎತ್ತ ಹೊಂಟಿ, ನಿನ್ನ ಮನಿ ಈ ಕಡೆ ಐತಿ, ಅದು ಅಮೋಘಸಿದ್ದಪ್ಪನ ಓಣಿ. ಲೇ, ಚಪ್ಪಲ ಇಲ್ಲೇ ಬಿಟ್ಟಿ. ಬಾಬಾಸಾಬ, ನೀ ಹೊರಗ ಬಗ್ಗಿ ನೋಡು, ಬಾಗಲಾ ಬಡ್ಯಾಕ ಹತ್ಯಾನೇನು? ಕರ್ಯಾಕೂ ಹತ್ಯಾನೇನು, ಹೆಸರು ಹಿಡದು? ಹಾಂ. ಇರಲಿ, ಕೇಳಾವ್ರು ನೀವರ ಕೇಳ್ರಿ, ಎತ್ತು ಮುಂದ ಏನಂತು ಅಂದ್ರ, ಕುಬೇರಪ್ಪಾ, ಹೊಳೆಪ್ಪಾ, ನೀವಿಬ್ಬರೂ...